ಡಾಕ್ಟ್ರಕ್ಕನ ಒಂದನೇ ಟೋಕನ್

ಡಾಕ್ಟ್ರಕ್ಕಾ,

ನಾನು ಸುಧಾಕರ, ನಿಮ್ಮ ಒಂದನೇ ನಂಬರಿನ ಪೇಶೆಂಟು. ಗೋತ್ರಿ ರಸ್ತೆಯ ನಿಮ್ಮ ಕ್ಲಿನಿಕ್ಕಿನ ಶಟರು ಇಳಿದು ಇಷ್ಟು ದಿನವಾಯಿತು. ಆದರೂ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಅಲ್ಲಿಯವರೆಗೆ ನಡೆದು ಬರುವುದು ನನಗೆ ತಪ್ಪಿಲ್ಲ. ಬಂದು ಮಾಡುವುದೇನು? ಶಟರಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು, ಪಕ್ಕದ ಮೆಡಿಕಲ್ ಅಂಗಡಿಯ ಕಾಕಾ ಕನಿಕರದಿಂದ ನೋಡತೊಡಗಿದ ಕೂಡಲೇ ವಾಪಸು ಹೊರಡುವುದು. ನಾಳೆ ಮಾತ್ರ ಬರುವುದಿಲ್ಲ. ನಾಳೆ ಬೆಳಿಗ್ಗೆ ನಾನು ಅಲ್ಕಾಪುರಿಯ ನಮ್ಮ ಹಳೇ ಹೋಟೆಲಿಗೆ ಡ್ಯೂಟಿಗೆ ಹೋಗಬೇಕು, ಮೂರು ವರ್ಷದ ಮೇಲೆ. ಹೆದರಿಕೆಯಾಗುತ್ತಿದೆ ಅಕ್ಕಾ. ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಬ್ಯಾಂಡೇಜು ಸುತ್ತಿದ ಬಲಗೈ ಹಿಡಿದುಕೊಂಡು ನಿಮ್ಮೆದುರು ಕೂತ ದಿನ ನೆನಪಿದೆಯೇ? ನಮ್ಮ ಮಗಳು ನಿಧಿಗೆ ಮೊದಲ ಜ್ವರ ಬಂದಾಗಿನಿಂದ ನೀವೇ ನಮ್ಮ ಮನೆಯ ಡಾಕ್ಟರು. ಹಾಗಾಗಿ ನನ್ನ ಹೆಂಡತಿ ಸುಮತಿ ಅಳುತ್ತ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಬೆಳಗಿನ ರಶ್ಶಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತಿದ್ದವನು ನಾನು ಕೈಕಾಲು ಸೆಟೆದು ಬಿದ್ದದ್ದು, ಬಾಯಲ್ಲಿ ನೊರೆ ಬಂದದ್ದು. ಪಕ್ಕದ ಬಾಣಲೆಯಲ್ಲಿ ವಡೆ ಕರಿಯುತ್ತಿದ್ದ ಗಣಪನಿಗೆ, ಅಂಕೋಲೆಯ ಪ್ರಾಣಿ, ಒಂದೇ ವಿಷಯ ಗೊತ್ತಿತ್ತು: ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕು. ದೋಸೆ ಹೋಟೆಲಿನಲ್ಲಿ ಕೈಗೆ ಸಿಗುವ ಕಬ್ಬಿಣ ಯಾವುದು? ಕಾವಲಿಯ ಮೇಲೇ ಬಿದ್ದಿದ್ದ ಸಟ್ಟುಗ. ಅದರ ಹಿಡಿಗೆ ಒದ್ದೆ ಬಟ್ಟೆ ಸುತ್ತಿ ತೆಗೆದು, ಕಾದ ಕಡೆಯನ್ನೇ ನನ್ನ ಅಂಗೈಗೆ ಇಟ್ಟು, ಬೆರಳು ಮಡಚಿ ಮೇಲಿಂದ ಒತ್ತಿ ಹಿಡಿದುಬಿಟ್ಟ. ನೀವು ಹಣೆ ಚಚ್ಚಿಕೊಂಡಿರಿ. "ಕಬ್ಬಿಣಾ ಕೊಡೂದ ತಪ್ಪು, ಅದರಾಗ ಕಾದದ್ದು ಕೊಟ್ಟಾನಲ್ಲೋ ಪುಣ್ಯಾತ್ಮ!" ಎಂದಿರಿ. ಅಷ್ಟು ನೋವಿನಲ್ಲೂ ನನಗೆ ನಗು ಬಂದಿತ್ತು.

ಅಹಮದಾಬಾದಿನ ದೊಡ್ಡ ಡಾಕ್ಟರನ್ನು ಕಂಡು ಬಂದ ಸಂಜೆ ನಾನು ನಿಮ್ಮ ಮೇಲೆ ರೇಗಿದ್ದೆ. ಅವರು ಸ್ಕ್ಯಾನ್ ನೋಡಿದರು, ಮಾತ್ರೆ ಬರೆದರು, ತಪ್ಪದೆ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ ಎಂದರು. ಬೆಂಕಿ, ಎತ್ತರ, ತಿರುಗುವ ಯಂತ್ರ ಇವುಗಳಿಂದ ದೂರ ಇರಿ, ನಿದ್ದೆ ಕೆಡಬೇಡಿ ಎಂದು ಹೇಳಿ ಬೆಲ್ ಒತ್ತಿ ಮುಂದಿನವರನ್ನು ಕರೆದರು. ಒಲೆಯ ಮುಂದೆ ಮೀಸೆ ಬಂದವನು ನಾನು, ಬೆಂಕಿಯಿಂದ ದೂರ ಎಂದರೆ ಎಲ್ಲಿಗೆ ಹೋಗಲಿ? ಬಾಣಲೆ ಇಲ್ಲ, ಕಾವಲಿ ಇಲ್ಲ, ಗ್ರೈಂಡರೂ ಇಲ್ಲ, ಇನ್ನು ಹೋಟೆಲಿನಲ್ಲಿ ಉಳಿದದ್ದು ಗಲ್ಲಾಪೆಟ್ಟಿಗೆ ಮಾತ್ರ, ಅದಕ್ಕೆ ಧಣಿಗಳಿದ್ದಾರೆ ಎಂದು ಕೂಗಾಡಿದೆ. ನೀವು ಚಶ್ಮಾ ಒರೆಸುತ್ತ ಕೂತಿದ್ದಿರಿ. "ಅವರು ನಿನ್ನ ರೋಗ ನೋಡ್ಯಾರ, ತಮ್ಮಾ. ನಿನ್ನ ಅಡಗಿಮನಿ ನೋಡಿಲ್ಲ. ಅದನ್ನ ನೋಡೂದು ನನ್ನ ಕೆಲಸ" ಎಂದಿರಿ. ಆಗ ಅದು ಸಮಾಧಾನದ ಮಾತು ಅಂದುಕೊಂಡೆ. ನೀವು ನಿಜವಾಗಿಯೂ ನೋಡಲು ಹೋಗುತ್ತೀರಿ ಎಂದು ಯಾರಿಗೆ ಗೊತ್ತಿತ್ತು?

ಆ ವಾರವೇ ಸುಮತಿ ಒಂದು ತೀರ್ಮಾನ ಮಾಡಿದಳು. ಫಿಟ್ಸ್ ಎಂಬ ಶಬ್ದ ಮನೆಯಿಂದ ಹೊರಗೆ ಹೋಗಬಾರದು. "ಒಮ್ಮೆ ಹೆಸ್ರು ಬಿದ್ರೆ ಆಯ್ತು ಮಾರಾಯ್ರೆ, ಮತ್ತೆ ಯಾರು ಹತ್ರ ಸೇರಿಸ್ತಾರೆ ನಿಮ್ಮನ್ನು? ಸೆಕೆಗೆ ತಲೆ ತಿರುಗಿ ಬಿದ್ದದ್ದು, ಕೈ ಸುಟ್ಟದ್ದು, ಅಷ್ಟೇ." ನಮ್ಮ ಧಣಿ ವಾಸಣ್ಣ ನೋಡಲು ಬಂದಾಗ ಹಾಗೆಯೇ ಹೇಳಿದೆವು. ಅಡುಗೆಮನೆಯವರಿಗೂ ಅದೇ ಸುದ್ದಿ ಹೋಯಿತು; ನಾನು ಸೆಟೆದದ್ದನ್ನು ಹತ್ತಿರದಿಂದ ಕಂಡವನು ಗಣಪ ಒಬ್ಬನೇ, ಅವನ ಮಾತನ್ನು ಯಾರೂ ನಂಬಲಿಲ್ಲ. ಅದರಿಂದ ಏನಾಯಿತು ಗೊತ್ತೇ? ಬರೀ ತಲೆ ತಿರುಗಿ ಬಿದ್ದವನ ಕೈಯನ್ನು ಗಣಪ ಸುಮ್ಮಸುಮ್ಮನೆ ಸುಟ್ಟು ಅವನ ಅನ್ನ ತೆಗೆದ ಎಂದಾಯಿತು. ಗಣಪ ಪ್ರತಿ ಹಬ್ಬಕ್ಕೂ ಸ್ವೀಟ್ ಬಾಕ್ಸ್ ಹಿಡಿದು ಮನೆಗೆ ಬರುತ್ತಿದ್ದ. ಬಂದವನು ನನ್ನ ಮುಖ ನೋಡುತ್ತಿರಲಿಲ್ಲ, ಅಂಗೈ ನೋಡುತ್ತಿದ್ದ. "ಇನ್ನೂ ಮಡಚುಕೆ ಬರುದಿಲ್ವಾ ಸುಧಾಕರಣ್ಣ?" ಎಂದು ಕೇಳುತ್ತಿದ್ದ. ನಾನು ಇಲ್ಲ ಎನ್ನುತ್ತಿದ್ದೆ.

ಕೈ ವಾಸಿಯಾದದ್ದು ನಿಮಗೆ ಗೊತ್ತಿತ್ತು. ಕಲೆ ಉಳಿಯಿತು ಅಷ್ಟೇ, ಬೆರಳು ಐದೂ ಸರಾಗ ಆಡುತ್ತಿದ್ದವು. ಆದರೆ ಸಂತೆಯಿಂದ ಸುಮತಿ ಬರುವುದು ತಡವಾದರೆ ಹಾಲು ಕಾಯಿಸಲೂ ನನಗೆ ಧೈರ್ಯವಿರಲಿಲ್ಲ. ಮಧ್ಯಾಹ್ನವೆಲ್ಲ ಟೀವಿ ಮುಂದೆ ಬಿದ್ದಿರುತ್ತಿದ್ದೆ. ಲುಂಗಿ ಬದಲಿಸುವುದಕ್ಕೂ ಬೇಸರ. ಸುಮತಿ ನಾಲ್ಕು ಮನೆಗೆ ಟಿಫಿನ್ ಮಾಡಿಕೊಟ್ಟು ಸಂಸಾರ ದೂಡುತ್ತಿದ್ದಳು. ನಾನು ಒಂದು ಮೂಲೆಯಲ್ಲಿ ಕೂತು ಅವಳ ಸಾಂಬಾರಿಗೆ ಉಪ್ಪು ಹೆಚ್ಚೆಂದು ಕೊಂಕು ತೆಗೆಯುತ್ತಿದ್ದೆ. ಕೆಲಸವಿಲ್ಲದ ಗಂಡಸಿನಷ್ಟು ಕಿರಿಕಿರಿಯ ವಸ್ತು ಮನೆಯಲ್ಲಿ ಇನ್ನೊಂದಿದೆಯೇ? ನಿಮ್ಮಲ್ಲಿಗೂ ಹತ್ತು ಗಂಟೆಗೆ, ಹನ್ನೊಂದಕ್ಕೆ, ಕೆದರಿದ ತಲೆಯಲ್ಲಿ ಬಂದು ಕೈನೋವಿಗೆ ಮುಲಾಮು ಕೊಡಿ ಎನ್ನುತ್ತಿದ್ದೆ.

ಆಗ ಒಂದು ದಿನ ನೀವು ಹೊಸ ಕಾನೂನು ತಂದಿರಿ. "ನಾಳಿಂದ ದಿನಾ ಮುಂಜಾನೆ ಬರಬೇಕು. ನಾ ಶಟರ್ ಎತ್ತೂ ಹೊತ್ತಿಗೆ ನೀ ಬಾಗಲದಾಗ ಇರಬೇಕು. ಒಂದನೇ ಟೋಕನ್ ನಿಂದು. ಬಿ.ಪಿ. ನೋಡಬೇಕಾಗೇದ." ನನ್ನ ಬಿ.ಪಿ.ಗೆ ಏನಾಗಿತ್ತು? ಏನೂ ಆಗಿರಲಿಲ್ಲ. ಮೊದಲ ವಾರ ನಿಮ್ಮನ್ನು ಮನಸ್ಸಿನಲ್ಲೇ ಬೈದೆ. ಗಡ್ಡ ಬಿಟ್ಟು ಬಂದ ದಿನ ಬಿ.ಪಿ. ನೋಡದೆ ವಾಪಸು ಕಳಿಸಿದಿರಿ. "ಡ್ಯೂಟಿಗೆ ಹೋಗೂವಾಗ ಹಿಂಗ ಹೋಗ್ತಿದ್ದೇನು?" ಅಂದಿರಿ. ತಿಂಗಳು ಕಳೆಯುವುದರೊಳಗೆ ಅಲಾರಾಂ ಇಲ್ಲದೆ ಎಚ್ಚರವಾಗತೊಡಗಿತು. ಬಿ.ಪಿ. ಪಟ್ಟಿ ಸುತ್ತುವುದು ಒಂದು ನೆವ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ದಿನ ಪಟ್ಟಿಗೆ ಗಾಳಿ ತುಂಬುವುದನ್ನೇ ಮರೆತು ನೀವು "ನಾರ್ಮಲ್ ಅದ" ಎಂದಾಗ.

ನಿಮ್ಮ ಮನೆಯ ದೋಸೆಯ ದಿನವನ್ನು ಹೇಗೆ ಮರೆಯಲಿ? ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನಲ್ಲಿ ನೀವು ಡಾಕ್ಟರಾಗಿದ್ದ ಕಾಲದ ಹಳೇ ಪಾತ್ರೆಗಳ ನಡುವೆ ಹೊಸ ಕರೆಂಟ್ ಒಲೆಯೊಂದನ್ನು ಇಟ್ಟು, "ನನಗ ದೋಸಿ ತಿನ್ನೂ ಆಸಿ ಆಗೇದ" ಎಂದು ಕರೆದಿರಿ. ಧಾರವಾಡದವರು ನೀವು, ಜೋಳದ ರೊಟ್ಟಿ ಬಿಟ್ಟರೆ ಇನ್ನೊಂದನ್ನು ಊಟ ಎನ್ನದವರು, ನಿಮಗೆ ದೋಸೆಯ ಆಸೆ! ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತಿರಿ. ನಾನು ಹಿಟ್ಟಿನ ಸೌಟು ಹಿಡಿದೆ. ಮೊದಲನೆಯದು ಹರಿಯಿತು, ಎರಡನೆಯದು ಅಂಟಿತು, ಮೂರನೆಯದು ಕರಿಕಾಯಿತು. ಎಲ್ಲವನ್ನೂ ನೀವು ಚಟ್ನಿಯಲ್ಲಿ ಅದ್ದಿ ತಿಂದಿರಿ. ನಾಲ್ಕನೆಯದು ಬರುವ ಹೊತ್ತಿಗೆ ನಾನು ನಿಮ್ಮ ಧಾರವಾಡದ ಕನ್ನಡವನ್ನು ಅಣಕಿಸುವಷ್ಟು ಹುಷಾರಾಗಿದ್ದೆ. ಬೀಳುವುದು ಒಂದೇ ಗುಣವಲ್ಲ ನನ್ನದು, ದೋಸೆ ಹುಯ್ಯುವುದೂ ಉಂಟು ಎಂದು ಅವತ್ತು ನೆನಪಾಯಿತು.

ಹೋಟೆಲಿನ ಅಡುಗೆಮನೆಗೆ ನೀವು ಬಂದದ್ದನ್ನು ವಾಸಣ್ಣ ಈಗಲೂ ಹೇಳುತ್ತಾರೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತು, ಎಲ್ಲರೂ ಅಕ್ಕಿಚೀಲದ ಮೇಲೆ ಅಡ್ಡಾಗಿದ್ದಾಗ, ಪರ್ಸ್ ಹೆಗಲಿಗೆ ಹಾಕಿ ನೀವು ಒಳಗೆ ನಡೆದಿರಿ. ಬಾಣಲೆ ಎಲ್ಲಿ, ನೆಲ ಎಲ್ಲಿ ಜಾರುತ್ತದೆ, ಒಲೆಯಿಂದ ಗೋಡೆಗೆ ಎಷ್ಟು ದೂರ, ಎಲ್ಲ ನೋಡಿದಿರಿ. ಕೊನೆಗೆ ಪ್ಲೇಟುಗಳು ಹೊರಗೆ ಹೋಗುವ ಕಿಂಡಿಯ ಹತ್ತಿರ ನಿಂತು, "ಇಲ್ಲಿ ಯಾರ ನಿಂದರ್ತಾರ?" ಎಂದು ಕೇಳಿದಿರಿ. ಯಾರೂ ಇಲ್ಲ, ಸಪ್ಲೈಯರುಗಳೇ ಎತ್ತಿಕೊಂಡು ಹೋಗುತ್ತಾರೆ ಎಂದರು ವಾಸಣ್ಣ. "ಅದಕ್ಕ ಮೊನ್ನೆ ನನಗ ಹಸೀ ದೋಸಿ ಬಂತು" ಎಂದಿರಿ. ಹಾಗೆ ನನ್ನ ಜಾಗ ಹುಟ್ಟಿತು. ಬೆಳಗಿನ ಪಾಳಿ ಮಾತ್ರ, ಕಿಂಡಿಯಲ್ಲಿ ನಿಂತು ಆರ್ಡರು ಕೂಗಬೇಕು, ಹೋಗುವ ಪ್ರತಿ ಪ್ಲೇಟು ನೋಡಬೇಕು, ಹಿಟ್ಟಿನ ಹದ ಹೇಳಬೇಕು. ವಾಸಣ್ಣ ಒಪ್ಪಿದರು. ಪಾಪ, ಕೈ ಸರಿಯಿಲ್ಲದವನಿಗೆ ಹಗುರ ಕೆಲಸ ಎಂದುಕೊಂಡರು.

ಮಾರನೆಯ ಬೆಳಿಗ್ಗೆ ನಾನು ಕುಣಿಯುತ್ತ ಬಂದರೆ ನೀವು ಮುಖ ಗಂಟು ಹಾಕಿ ಕೂತಿದ್ದಿರಿ. "ಜೋಡಿ ನಿಂತು ಕೆಲಸಾ ಮಾಡೂ ಮಂದಿಗೆ ನೀ ಹೇಳಬೇಕು. ಫಿಟ್ಸ್ ಅದ ಅಂತ, ಬಿದ್ದರ ಏನ್ ಮಾಡಬೇಕಂತ. ಹೇಳಿದ ಮ್ಯಾಲ ಹೋಗು." ನನಗೆ ಸಿಟ್ಟು ಬಂತು. ಎರಡು ವರ್ಷದಿಂದ ಒಮ್ಮೆಯೂ ಬಂದಿಲ್ಲವಲ್ಲ ಎಂದೆ. "ಬರದಿರ್ಲಿ. ಬಂದರ? ಮತ್ತ ಸಟ್ಟುಗ ಹಿಡಸ್ತಾರ ಕೈಯಾಗ." ಹಾಗಾದರೆ ನೀವೇ ವಾಸಣ್ಣನಿಗೆ ಹೇಳಿಬಿಡಿ, ನಿಮ್ಮ ಮಾತಿಗೆ ಬೆಲೆ ಇದೆ ಎಂದೆ. ನೀವು ತಲೆ ಅಲ್ಲಾಡಿಸಿದಿರಿ. "ನಿನ್ನ ರೋಗ ನಿನ್ನ ಆಸ್ತಿ. ನೀ ಹೇಳು ಅಂದರೂ ನಾ ಹೇಳಂಗಿಲ್ಲ. ನಿನ್ನ ಬಾಯಿಲೇ ಬರಬೇಕದು." ಆಮೇಲೆ ಸುಮತಿಯನ್ನೂ ನಿಧಿಯನ್ನೂ ಕರೆಸಿ, ಕ್ಲಿನಿಕ್ಕಿನ ನೆಲದ ಮೇಲೆ ನನ್ನನ್ನು ಮಲಗಿಸಿ, ಮಗ್ಗುಲಿಗೆ ಹೊರಳಿಸುವುದನ್ನು ಕಲಿಸಿದಿರಿ. ನಿಧಿ ನಗುತ್ತ "ಪಪ್ಪಾ, ಹಿಲ್ನಾ ಮತ್, ಅಲ್ಲಾಡಬೇಡಿ, ಆಕ್ಟಿಂಗ್ ಸರಿ ಮಾಡಿ" ಎಂದಳು. ಸುಮತಿ ನಗಲಿಲ್ಲ.

ಉತ್ತರಾಯಣದ ಗಾಳಿಪಟದ ಹಬ್ಬ ಮುಗಿದ ಮೇಲೆ ಕೆಲಸಕ್ಕೆ ಹೋಗುವುದು ಎಂದು ನಿಶ್ಚಯವಾಗಿತ್ತು. ಅದಕ್ಕೆ ಮುಂಚೆಯೇ ಒಂದು ಬೆಳಿಗ್ಗೆ ಶಟರ್ ಎತ್ತಲಿಲ್ಲ ನೀವು. ನಾನು ಬಾಗಿಲಲ್ಲಿ ಕಾದೆ. ಕಾಕಾ ಬಂದು, ನಿದ್ದೆಯಲ್ಲೇ ಹೋದರಂತೆ ಎಂದರು. ಎಲ್ಲರ ಬಿ.ಪಿ. ನೋಡುತ್ತಿದ್ದಿರಲ್ಲ, ನಿಮ್ಮದನ್ನು ಯಾರು ನೋಡಿದರು ಅಕ್ಕಾ? ನನಗೂ ಒಂದು ದಿನ ಪಟ್ಟಿ ಸುತ್ತಲು ಬಿಟ್ಟಿದ್ದರೆ... ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ಅತ್ತೆ. ನಿಮಗಾಗಿ ಅತ್ತದ್ದು ಅರ್ಧ, ನನಗಾಗಿ ಅತ್ತದ್ದು ಅರ್ಧ, ಸುಳ್ಳೇಕೆ ಹೇಳಲಿ.

ನೀವಿಲ್ಲದ ಮೇಲೆ ವಿಷಯ ಹಾಗೆಯೇ ತಣ್ಣಗಾಯಿತು. ಹೋಳಿ ಕಳೆದ ಮೇಲೆ ಮೊನ್ನೆ ವಾಸಣ್ಣನ ಫೋನು ಬಂತು. "ಡಾಕ್ಟ್ರಕ್ಕನಿಗೆ ಮಾತು ಕೊಟ್ಟಾಗಿದೆ ಮಾರಾಯ. ಸೋಮವಾರ ಬಾ." ಫೋನ್ ಇಟ್ಟ ಕೂಡಲೇ ಸುಮತಿ ಕೇಳಿದಳು, "ಈಗ ಹೇಳುದಾ? ಎಂತಕ್ಕೆ ಹೇಳುದು? ಕೈ ಅಂತಲೇ ಇರ್ಲಿ ಮಾರಾಯ್ರೆ. ಕೇಳ್ಲಿಕ್ಕೆ ಡಾಕ್ಟ್ರಕ್ಕ ಇಲ್ಲ, ಹೇಳ್ಲಿಕ್ಕೆ ನಿಮಗೆ ಬಾಯಿ ಇಲ್ಲ." ಅವಳು ಕೆಟ್ಟವಳಲ್ಲ, ನಿಮಗೇ ಗೊತ್ತು. ಹೇಳಿದರೆ ಕೆಲಸ ಹೋಗುತ್ತದೆ ಎಂಬುದೊಂದೇ ಅವಳ ಹೆದರಿಕೆ. ನನ್ನದೂ ಅದೇ. ಹೇಳದೆ ಹೋಗಿ ಗಣಪನ ಬಾಣಲೆಯ ಪಕ್ಕ ಬಿದ್ದರೆ? ನನ್ನನ್ನು ಹಿಡಿಯಲು ಬಂದು ಅವನೂ ಎಣ್ಣೆಗೆ... ಎರಡು ದಿನ ಊಟ ಸೇರಲಿಲ್ಲ. ನಿದ್ದೆ ಕೆಡಬಾರದು ಎಂಬ ಚಿಂತೆಯಲ್ಲೇ ನಿದ್ದೆ ಕೆಟ್ಟಿತು. ನಿದ್ದೆ ಕೆಟ್ಟಿತಲ್ಲ, ಇನ್ನು ಬಂದೇ ಬರುತ್ತದೆ ಎಂದು ಮತ್ತೆ ಚಿಂತೆ.

ಇವತ್ತು ಮಧ್ಯಾಹ್ನ, ಬಿಡುವಿನ ಹೊತ್ತು ನೋಡಿ, ಹೋಟೆಲಿಗೆ ಹೋದೆ. ಜಾಗ ನೋಡಿ ಬರುತ್ತೇನೆ ಎಂದಷ್ಟೇ ಸುಮತಿಗೆ ಹೇಳಿದ್ದೆ. ಹೇಳುವುದೋ ಬಿಡುವುದೋ, ಒಳಗೆ ಕಾಲಿಡುವಾಗಲೂ ತೀರ್ಮಾನವಾಗಿರಲಿಲ್ಲ. ಗಣಪ ಒಬ್ಬನೇ ಎಚ್ಚರವಿದ್ದ. ಈಗ ಬಾಣಲೆಯ ಜೊತೆ ಕಾವಲಿಯೂ ಅವನದೇ. ನನ್ನನ್ನು ಕಂಡು ಎದ್ದು ಬಂದ, ಕೈ ಹಿಡಿದು ಕಿಂಡಿಯ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ನನ್ನ ಎದೆಯ ಮಟ್ಟಕ್ಕೆ ಹೊಸದಾಗಿ ಒಂದು ಮೊಳೆ ಹೊಡೆದಿದ್ದ. ಮೊಳೆಯಲ್ಲಿ ಒಂದು ಹಳೇ ಕಬ್ಬಿಣದ ಬೀಗ ನೇತಾಡುತ್ತಿತ್ತು.

"ಇದೆಂತ ಗಣಪ?"

ಅವನು ಸುತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದ. "ಮುಟ್ಟಿ ನೋಡಿ ಸುಧಾಕರಣ್ಣ. ತಣ್ಣಗೆ ಉಂಟು. ಒಲೆಯಿಂದ ದೂರ ಉಂಟು, ಎಷ್ಟು ಹೊತ್ತಿಗೂ ಬಿಸಿ ಆಗುದಿಲ್ಲ. ನಿಮಗೆ ತಲೆ ತಿರುಗಿದ್ದು ಅಂತ ಎಲ್ಲರೂ ಹೇಳ್ತಾರೆ, ಇರಬಹುದು. ಅಪ್ಪಿತಪ್ಪಿ ಮತ್ತೆ ಹಾಗೆ ಆದ್ರೆ, ಈ ಸಲ ನಾನು ತಪ್ಪು ಮಾಡುದಿಲ್ಲ."

ಅಕ್ಕಾ, ನಾನು ಆ ಬೀಗವನ್ನು ಮುಟ್ಟಿದೆ. ತಣ್ಣಗೇ ಇತ್ತು. ಎಣ್ಣೆ ಹಚ್ಚಿ ತುಕ್ಕು ಕೂಡ ಒರೆಸಿದ್ದ. ಈ ಮನುಷ್ಯ ಮೂರು ವರ್ಷ ನನ್ನ ಕೈಯನ್ನು ತಲೆಯ ಮೇಲೆ ಹೊತ್ತು ತಿರುಗಿದ್ದಾನೆ. ಆಗ ಬಾಯಿ ತಾನಾಗಿ ತೆರೆಯಿತು. "ಗಣಪ, ಅದು ಫಿಟ್ಸೇ. ನೀನು ಅಂದ್ಕೊಂಡದ್ದು ಸರಿ. ನಾನು ಮನೆಯಲ್ಲಿ ಕೂತದ್ದು ಕೈಯಿಂದಲ್ಲ, ಫಿಟ್ಸಿನ ಹೆದರಿಕೆಯಿಂದ. ಕೈ ಯಾವಾಗಲೋ ಸರಿಯಾಗಿದೆ, ನೋಡು" ಎಂದು ಐದೂ ಬೆರಳು ಮಡಚಿ ಬಿಡಿಸಿ ತೋರಿಸಿದೆ. ಅವನು ನನ್ನ ಮುಷ್ಟಿಯನ್ನೇ ನೋಡುತ್ತ ನಿಂತ. ಕಣ್ಣಲ್ಲಿ ನೀರು ತುಂಬಿತ್ತು. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವನು ಕೇಳಿದ್ದು ಒಂದೇ ಮಾತು. "ಹಾಗಾದ್ರೆ ಬಿದ್ರೆ ಎಂತ ಮಾಡುದು? ಈ ಬೀಗ ಸಾಕಾಗುದಿಲ್ವಾ?"

ಕಬ್ಬಿಣ ಬೇಡ ಎಂದೆ. ಒಲೆ ಆರಿಸು, ಕೈಕಾಲು ಒತ್ತಿ ಹಿಡಿಯಬೇಡ, ಬಾಯಿಗೆ ಏನೂ ತುರುಕಬೇಡ, ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಡು, ಮಗ್ಗುಲಿಗೆ ಹೊರಳಿಸು, ಐದು ನಿಮಿಷದಲ್ಲಿ ನಿಲ್ಲದಿದ್ದರೆ ಆಂಬುಲೆನ್ಸ್ ಕರೆ ಎಂದು ನೀವು ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಸಿದೆ. ಅವನಿಗೆ ಬಾಯಿಮಾತು ತಲೆಗೆ ಹೋಗಲಿಲ್ಲ. ಕೊನೆಗೆ ನಾನು ಚಪ್ಪಲಿ ಕಳಚಿ, ಇಸ್ತ್ರಿ ಅಂಗಿಯಲ್ಲೇ, ಆರಿದ ಒಲೆಯ ಮುಂದೆ ನೆಲದ ಮೇಲೆ ಮಲಗಿದೆ. ಮೂರು ವರ್ಷದ ಹಿಂದೆ ಬಿದ್ದ ಜಾಗವೇ ಅದು. ಮಲಗಿದಾಗ ಈಗಲೇ ನಿಜವಾದದ್ದು ಬಂದುಬಿಡುತ್ತದೋ ಎಂದು ಹೆದರಿದೆ. ಗಣಪ ಹೆಗಲ ಟವೆಲ್ ಮಡಚಿ ನನ್ನ ತಲೆಯ ಕೆಳಗೆ ಇಟ್ಟ.

ಆಗಲೇ ಬಾಗಿಲಲ್ಲಿ ವಾಸಣ್ಣನ ದನಿ. "ಎಂತ ಇದು? ಎಂತಾಯ್ತು ಇವನಿಗೆ?"

ಏಳಲು ಹೋದೆ, ಗಣಪ ಬಿಡಲಿಲ್ಲ, ಇನ್ನೂ ಹೊರಳಿಸಿ ಆಗಿಲ್ಲವಲ್ಲ. ಹಾಗೆಯೇ ಮಲಗಿಕೊಂಡು, ಸೂರು ನೋಡುತ್ತ, ಧಣಿಗಳಿಗೆ ಎಲ್ಲವನ್ನೂ ಹೇಳಿದೆ. ರೋಗದ ಹೆಸರು, ಮಾತ್ರೆ, ಎರಡು ವರ್ಷದಿಂದ ಬಂದಿಲ್ಲ ಎಂಬುದು, ಬರುವುದೇ ಇಲ್ಲ ಎಂದು ಹೇಳಲಾರೆ ಎಂಬುದು. ವಾಸಣ್ಣ ತಿರುಗಿ ಹೊರಗೆ ಹೋದರು. ಮುಗಿಯಿತು ಎಂದುಕೊಂಡೆ. ಸುಮತಿಗೆ ಏನೆಂದು ಹೇಳಲಿ? ನಿಮ್ಮ ಮಾತು ಕೇಳಿ ಕೆಟ್ಟೆ ಎಂದು ನಿಮ್ಮನ್ನು ಬೈದುಕೊಂಡೆ, ಕ್ಷಮಿಸಿ. ಗಲ್ಲಾಪೆಟ್ಟಿಗೆಯ ಡ್ರಾಯರ್ ಎಳೆದ ಸದ್ದು, ಬೀಗ ಹಾಕಿದ ಸದ್ದು ಕೇಳಿಸಿತು. ಮತ್ತೆ ಚಪ್ಪಲಿಯ ಸದ್ದು ಹತ್ತಿರ ಬಂತು. ಅವರು ಪಂಚೆ ಎತ್ತಿ ಕಟ್ಟಿ, ಮಂಡಿನೋವಿಗೆ ಮುಲುಗುತ್ತ, ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಯಾವ ಮಗ್ಗುಲಿಗೆ ಹೊರಳಿಸುದು?" ಎಂದು ಕೇಳಿದರು.

ಎಡಕ್ಕೆ ಎಂದೆ. ಇಬ್ಬರೂ ಸೇರಿ ಹೊರಳಿಸಿದರು. ಆಮೇಲೆ ವಾಸಣ್ಣ ಎದ್ದು, ಅಕ್ಕಿಚೀಲದ ಮೇಲೆ ಮಲಗಿದ್ದ ಸಪ್ಲೈಯರುಗಳನ್ನೆಲ್ಲ ಎಬ್ಬಿಸಿ, ನನ್ನ ಕಡೆ ತಿರುಗಿ ಹೇಳಿದರು. "ಇನ್ನೊಂದ್ಸಲ ಬೀಳು ಮಾರಾಯ. ಇವರೂ ನೋಡ್ಲಿ."

ಅವರೆಲ್ಲರ ಮುಂದೆ ಮತ್ತೆ ಬಿದ್ದು ತೋರಿಸಿ ಮನೆಗೆ ಬಂದೆ. ಬೆನ್ನೆಲ್ಲ ಎಣ್ಣೆಯ ಕಲೆಯಾದ ಅಂಗಿ ಕಂಡು ಸುಮತಿಯ ಮುಖ ಬಿಳಿಚಿತು. ಹೇಳಿದೆ. ಅವಳು ಅಂಗಿ ಬಿಚ್ಚಿಸಿ ಸೋಪು ತಿಕ್ಕಲು ಕೂತಳು. ನಾಳೆಗೆ ಇನ್ನೊಂದು ಇಸ್ತ್ರಿ ಮಾಡಿ ಇಟ್ಟಿದ್ದಾಳೆ. ಹೆದರಿಕೆ ಹೋಗಿದೆಯೇ ಎಂದು ಕೇಳಬೇಡಿ. ಹೋಗಿಲ್ಲ. ನಾಳೆ ಬೀಳಬಹುದು, ಯಾವತ್ತೂ ಬೀಳದಿರಬಹುದು, ನನಗೆ ಗೊತ್ತಿಲ್ಲ. ಬಿದ್ದರೆ ಕೈಗೆ ಏನನ್ನೂ ಕೊಡದೆ ಮಗ್ಗುಲಿಗೆ ಹೊರಳಿಸುವವರು ಅಲ್ಲಿದ್ದಾರೆ ಎಂಬುದಷ್ಟು ಗೊತ್ತು. ಗಣಪನ ಬೀಗ ಮಾತ್ರ ಇನ್ನೂ ಮೊಳೆಯಲ್ಲೇ ಇದೆ. ಅದು ಅಲ್ಲಿರಲಿ, ಅವನ ಸಮಾಧಾನಕ್ಕೆ ಎಂದು ನಾನೂ ಬಿಟ್ಟೆ, ನೀವು ಬೈಯಬಾರದು.

ಮಾತ್ರೆ ತಪ್ಪಿಸುವುದಿಲ್ಲ, ನಿದ್ದೆ ಕೆಡುವುದಿಲ್ಲ, ಹಸಿ ದೋಸೆಯನ್ನು ಕಿಂಡಿ ದಾಟಲು ಬಿಡುವುದಿಲ್ಲ. ಇಷ್ಟು ಮಾತು ಕೊಡುತ್ತೇನೆ. ನೀವಿರುವಲ್ಲಿಯೂ ಬೆಳಿಗ್ಗೆ ಶಟರ್ ಎತ್ತುತ್ತಿದ್ದರೆ, ನಾಳೆಯಿಂದ ನನ್ನ ದಾರಿ ಕಾಯಬೇಡಿ ಅಕ್ಕಾ. ಆ ಒಂದನೇ ಟೋಕನ್ನು ಗಡ್ಡ ಬಿಟ್ಟು ಕೂತ ಇನ್ನೊಬ್ಬನಿಗೆ ಕೊಡಿ.

ನಿಮ್ಮ
ಸುಧಾಕರ